ಬಟವಾಡೆ ದಿನದ ಸಿಟ್ಟು: ಆಪ್ತಸಮಾಲೋಚನೆಯಲ್ಲಿ ಫ್ರಾಯ್ಡ್‌ನನ್ನು ಬಳಸುವ ಬಗೆ

ಆಪ್ತಸಮಾಲೋಚನೆಯ ಕೆಲಸಕ್ಕೆ ಹೊಸದಾಗಿ ಸೇರಿದವರಲ್ಲಿ ಕೆಲವರು, ಅರಿವಿಗೆ ಬಾರದ ಮನಸ್ಸನ್ನು ಶೋಧಿಸುವ ಮನೋವಿಶ್ಲೇಷಣೆಯನ್ನು ಕಟ್ಟಿದ ಫ್ರಾಯ್ಡ್‌ನನ್ನು ಪರೀಕ್ಷೆಗೆ ಓದಿ ಅಲ್ಲಿಗೇ ಬಿಟ್ಟಿರುತ್ತಾರೆ. ಇನ್ನು ಕೆಲವರು ಎದುರಿಗೆ ಕೂತವರು ನಾಲ್ಕು ಮಾತಾಡುವಷ್ಟರಲ್ಲಿ "ಇದು ಬಾಲ್ಯದಿಂದ ಬಂದದ್ದು" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಎರಡರಿಂದಲೂ ಬಂದವರಿಗೆ ಪ್ರಯೋಜನವಿಲ್ಲ. ಆ ಸಿದ್ಧಾಂತ ನಮ್ಮ ಕೆಲಸಕ್ಕೆ ನಿಜವಾಗಿ ಒದಗುವ ಜಾಗ ಒಂದಿದೆ: ತನಗೇ ನಷ್ಟ ತರುವ ನಡವಳಿಕೆಯನ್ನು, ಯಾರು ಬುದ್ಧಿ ಹೇಳಿದರೂ, ತಾನೇ ನೊಂದುಕೊಂಡರೂ, ಮನುಷ್ಯ ಮತ್ತೆ ಮತ್ತೆ ಮಾಡುತ್ತಿರುವಾಗ. ನೆನಪಿಗೆ ಬಾರದ್ದು ನಡವಳಿಕೆಯಾಗಿ ಮರುಕಳಿಸುತ್ತದೆ ಎಂದು ಫ್ರಾಯ್ಡ್ 1914ರಲ್ಲಿ ಬರೆದದ್ದು ಇಂಥವರನ್ನು ಕುರಿತೇ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇದು ಯಾರ ಕಥೆಯೂ ಅಲ್ಲ, ವಿವರಿಸಲು ಜೋಡಿಸಿದ್ದು. ಸೇನೆಯಿಂದ ನಿವೃತ್ತರಾಗಿ ಕೊಡಗಿನ ವಿರಾಜಪೇಟೆ ಕಡೆಯ ಮನೆಗೆ ಮರಳಿದ ಹವಾಲ್ದಾರರು, ವಯಸ್ಸು 44. ರೋಬಸ್ಟಾ ಕಾಫಿ ತೋಟ, ಮರಗಳಿಗೆ ಮೆಣಸಿನ ಬಳ್ಳಿ. ಶನಿವಾರ ಬಟವಾಡೆ ಹೊತ್ತಿಗೆ, ತೋಟದ ಲೆಕ್ಕ ನೋಡುವ ರೈಟರ್ ಮೇಲೆ ಎಗರಾಡುತ್ತಾರೆ. ರೈಟರ್‌ಗಳು ಒಬ್ಬರಾದ ಮೇಲೊಬ್ಬರು ಕೆಲಸ ಬಿಟ್ಟಿದ್ದಾರೆ. ರಾತ್ರಿ ಕುಡಿತ. ಭಾನುವಾರ ತಾವೇ ಕೆಲಸದವರ ಲೈನ್ ಮನೆಗೆ ಹೋಗಿ ಬೈಸಿಕೊಂಡವರ ಕೈಗೆ ದುಡ್ಡು ಕೊಟ್ಟು ಬರುತ್ತಾರೆ. ತಂದೆ ತೀರಿಕೊಂಡಾಗ ಇವರು ಗಡಿಯಲ್ಲಿದ್ದರು. ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಹೆಂಡತಿಯ ಒತ್ತಾಯಕ್ಕೆ ಬಂದು ಕೂತಿದ್ದಾರೆ.

ಮೊದಲು ದೇಹ, ಆಮೇಲೆ ಮನಸ್ಸು. ಕುಡಿತ ಹಬ್ಬಕ್ಕೂ ಮನೆಗೂ ಹೊಂದಿಕೊಂಡಿರುವ ಊರಿನಲ್ಲಿ "ಕುಡಿತೀರಾ?" ಎಂದು ಕೇಳಿದರೆ ಏನೂ ತಿಳಿಯುವುದಿಲ್ಲ. ದಿನದ ಮೊದಲ ಪೆಗ್ ಎಷ್ಟು ಹೊತ್ತಿಗೆ, ಬೆಳಿಗ್ಗೆ ಕೈ ನಡುಗುತ್ತದೆಯೇ, ಒಂದು ಕ್ವಾರ್ಟರ್ ಎಷ್ಟು ದಿನಕ್ಕೆ ಎಂದು ಕೇಳಬೇಕು. 30 ಮಿ.ಲೀ. ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ, 180 ಮಿ.ಲೀ. ಕ್ವಾರ್ಟರ್ ಎಂದರೆ ಅಂಥ ಆರು. ದಿನವೂ ಇಷ್ಟು ಕುಡಿಯುವವರಿಗೆ "ಇವತ್ತಿನಿಂದ ಬಿಟ್ಟುಬಿಡಿ" ಎನ್ನುವುದು ಅಪಾಯ. ನಡುಕ 6ರಿಂದ 24 ಗಂಟೆಯೊಳಗೆ ಶುರುವಾಗಬಹುದು, ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ನಡುವೆ ಭ್ರಮೆ, ದಿಕ್ಕೆಟ್ಟ ಮಾತು ಕಾಣಿಸಬಹುದು. ಬಿಡಿಸುವುದು ವೈದ್ಯರ ಕೈಯಲ್ಲೇ ಆಗಬೇಕು. ಕುಡಿತ ನಿಂತು ಸುಮಾರು ಒಂದು ತಿಂಗಳಾದ ಮೇಲೂ ಸಿಟ್ಟು ಹಾಗೇ ಉಳಿದರೆ ಆಗ ಅದಕ್ಕೆ ಬೇರೆ ಅರ್ಥ ಹುಡುಕಬಹುದು. ಜೊತೆಗೆ ಥೈರಾಯ್ಡ್, ತಲೆಗೆ ಬಿದ್ದ ಹಳೆಯ ಪೆಟ್ಟು, ನಿದ್ದೆ ಎಲ್ಲ ವಿಚಾರಿಸಿ. ಕಿವಿಯನ್ನು ಮರೆಯಬೇಡಿ: ಗುಂಡಿನ ಸದ್ದಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಕಿವಿ ಮಂದವಾಗಿದ್ದರೆ ಅವರ ದನಿ ಏರುತ್ತದೆ, ಕೆಲಸದವರು ತಮ್ಮ ಬೆನ್ನ ಹಿಂದೆ ಪಿಸುಗುಡುತ್ತಿದ್ದಾರೆ ಎಂದೂ ಅನಿಸುತ್ತದೆ. ಅದಕ್ಕೆ ಮನೋವಿಶ್ಲೇಷಣೆ ಬೇಡ, ಶ್ರವಣ ಪರೀಕ್ಷೆ ಸಾಕು.

ಅದೇ ದಿನ ಕೋವಿಯ ವಿಷಯವನ್ನೂ ಕೇಳಲೇಬೇಕು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇರುವುದರಿಂದ ಇಲ್ಲಿನ ಎಷ್ಟೋ ಮನೆಗಳಲ್ಲಿ ಕೋವಿ ಇದೆ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಯಾರ ತಲೆಗೂ ಆ ಯೋಚನೆ ಹೊಸದಾಗಿ ಹೋಗುವುದಿಲ್ಲ. ಕೋವಿ ಒಂದು ಬೀಗದಲ್ಲಿ, ಗುಂಡು ಇನ್ನೊಂದರಲ್ಲಿ, ಬೀಗದ ಕೈ ಮನೆಯ ಬೇರೊಬ್ಬರ ಹತ್ತಿರ. ತೋಟಕ್ಕೆ ಹೊಡೆಯುವ ಔಷಧಿಯ ಡಬ್ಬಗಳಿಗೂ ಇದೇ ಮಾತು. ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಡಿ.

ಇಷ್ಟಾದ ಮೇಲೆ ಮಾತು ಸಂಗ್ರಹಿಸುವ ಕೆಲಸ. "ಸಾಮಾನ್ಯವಾಗಿ ಯಾವಾಗ ಸಿಟ್ಟು ಬರುತ್ತೆ?" ಎಂದು ಕೇಳಿದರೆ ಸಿಗುವುದು ಅಭಿಪ್ರಾಯ. ಕೊನೆಯ ಮೂರು ಸಲದ ಜಗಳವನ್ನು ಒಂದೊಂದಾಗಿ ಹೇಳಿಸಿ: ಅದಕ್ಕೆ ಅರ್ಧ ಗಂಟೆ ಮೊದಲು ಏನಾಯಿತು, ಬಾಯಿಂದ ಬಂದ ಮಾತು ಯಾವುದು, ಆಮೇಲೆ ಏನು ಮಾಡಿದರು. ಮಾತನ್ನು ಆಡಿದ ಹಾಗೇ ಬರೆದುಕೊಳ್ಳಿ; ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಬಂದರೆ ಹಾಗೇ ಇರಲಿ. ಸಂಕಟ ಹೊರಬರುವುದು ಮನೆಮಾತಿನಲ್ಲಿ. ನಮ್ಮ ಉದಾಹರಣೆಯಲ್ಲಿ ಮೂರು ಜಗಳಕ್ಕೂ ಕಾರಣ ಬೇರೆ: ಲೆಕ್ಕದ ತಪ್ಪು, ಮೋಟಾರು ಕೆಟ್ಟದ್ದು, ಗೇಟು ತೆರೆದಿಟ್ಟದ್ದು. ಆದರೆ ಮೂರರಲ್ಲೂ ರೈಟರ್‌ಗೆ ಬಿದ್ದ ಬೈಗುಳ ಒಂದೇ: "ಬೇಕಾದ ಹೊತ್ತಿಗೆ ನೀನು ಇರೋದಿಲ್ಲ." ಕಾರಣ ಬದಲಾದರೂ ವಾಕ್ಯ ಬದಲಾಗದಿದ್ದರೆ ಅದಕ್ಕೆ ಅಡಿಗೆರೆ ಹಾಕಿ.

ಇನ್ನು ಇದರ ಹಿಂದೆ ಏನಿದೆ ಎಂಬ ಊಹೆಯನ್ನು ಬರೆಯುವುದು. ಇದ್ (ಹುಟ್ಟಾ ಬಯಕೆ), ಅಹಂ (ನಡೆಸುವ 'ನಾನು'), ಪರಾಹಂ (ಒಳಗಿನ ನೀತಿಯ ದನಿ) ಎಂದು ಫ್ರಾಯ್ಡ್ 1923ರಲ್ಲಿ ಮಾಡಿದ ಮನಸ್ಸಿನ ವಿಭಾಗ ಪಾಠ ಹೇಳಲು ಚೆನ್ನ, ಮೇಜಿನ ಮುಂದೆ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಬ್ರಿಟಿಷ್ ಮನೋವೈದ್ಯ ಡೇವಿಡ್ ಮಲನ್ ಬಳಕೆಗೆ ತಂದ ಎರಡು ತ್ರಿಕೋನ ಹೆಚ್ಚು ಕೈಗೆ ಹತ್ತುತ್ತದೆ. ಮೊದಲನೆಯದರ ಮೂರು ಮೂಲೆಗಳು: ಅಡಗಿದ ಭಾವ, ಅದು ಮೇಲೆ ಬಂದರೆ ಏನಾಗುತ್ತದೋ ಎಂಬ ಭಯ, ಅದನ್ನು ತಡೆಯುವ ರಕ್ಷಣಾ ತಂತ್ರ. ಇಲ್ಲಿ ಅಡಗಿದ್ದು "ಅಪ್ಪನಿಗೆ ಬೇಕಾದ ಹೊತ್ತಿಗೆ ನಾನಿರಲಿಲ್ಲ" ಎಂಬ ತಪ್ಪಿತಸ್ಥ ಭಾವ, ಅದರ ಅಡಿಯಲ್ಲಿ ಮನೆಯವರು ಬೇಗ ತಿಳಿಸಲಿಲ್ಲ ಎಂಬ ಸಿಟ್ಟೂ ಇರಬಹುದು. ಭಯ, ಅಳು ಬಂದರೆ ತಡೆಯಲಾಗದು ಎಂಬುದು. ರಕ್ಷಣಾ ತಂತ್ರ ಎರಡು: ತನ್ನ ಮೇಲಿನ ದೂರನ್ನು ರೈಟರ್ ಮೇಲೆ ಹೊರಿಸುವ ಪ್ರಕ್ಷೇಪಣ, ಭಾನುವಾರ ದುಡ್ಡು ಕೊಟ್ಟು ಮಾಡಿದ್ದನ್ನು ಅಳಿಸುವ ಯತ್ನ. ಎರಡನೇ ತ್ರಿಕೋನದಲ್ಲಿ ಹಿಂದಿನವರು (ಇಲ್ಲಿ ಅಪ್ಪ), ಇಂದಿನವರು (ರೈಟರ್), ಸಮಾಲೋಚಕರು. ನೀವು ಒಂದು ಭೇಟಿ ರದ್ದು ಮಾಡಿ, ಮುಂದಿನ ಸಲ ಅವರು "ಬೇಕಾದಾಗ ನೀವೂ ಇರೋದಿಲ್ಲ" ಎಂದರೆ ಮೂರನೇ ಮೂಲೆ ತುಂಬಿತು. ಹಿಂದಿನವರ ಮೇಲಿನ ಭಾವ ಹೀಗೆ ಸಮಾಲೋಚಕರ ಮೇಲೆ ಬೀಳುವುದಕ್ಕೆ ವರ್ಗಾವಣೆ ಎನ್ನುತ್ತಾರೆ. ಆಗ ಸಮಜಾಯಿಷಿ ಕೊಡಲು ಹೋಗಬೇಡಿ; ಕೇಳಿಸಿಕೊಳ್ಳಿ, ಬರೆದುಕೊಳ್ಳಿ.

ಈ ಊಹೆಯ ಕೆಳಗೆ ಅದಕ್ಕೆ ವಿರುದ್ಧವಾದದ್ದನ್ನೂ ಅಷ್ಟೇ ಉದ್ದಕ್ಕೆ ಬರೆಯಬೇಕು. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ, ತಪ್ಪು ನಡೆಯುವುದೂ ಇಲ್ಲೇ. ನಿಜವಾಗಿಯೂ ಮೆಣಸು ಕಳವಾಗುತ್ತಿದೆಯೇ? ಜನವರಿಯಿಂದ ಮಾರ್ಚ್ ತನಕ ರೋಬಸ್ಟಾ ಕುಯ್ಲಿನ ಹೊತ್ತಿಗೆ ಆಳು ಸಿಗದೆ ಸಿಟ್ಟು ಏರಿ, ಏಪ್ರಿಲ್‌ಗೆ ಇಳಿಯುತ್ತದೆಯೇ? ಹಾಗಿದ್ದರೆ ಕಾರಣ ತೋಟದಲ್ಲಿದೆ, ಅಪ್ಪನ ಸಾವಿನಲ್ಲಲ್ಲ. ಅಪ್ಪನೇ ಮುಖ್ಯ ಎನ್ನುವುದು ಕೂಡ ಪರೀಕ್ಷಿಸಬೇಕಾದ ಮಾತು. ಒಕ್ಕದಲ್ಲಿ, ಅಂದರೆ ಕೊಡವರ ಕೂಡು ಮನೆತನದಲ್ಲಿ, ಬೆಳೆದವರಿಗೆ ಗದರಿಸುವವರು ದೊಡ್ಡಪ್ಪ, ನಿರ್ಧಾರ ಮನೆತನದ ಹಿರಿಯರಾದ ಪಟ್ಟೆದಾರರದ್ದು, ಮುದ್ದು ಅಜ್ಜಿಯದು ಆಗಿರಬಹುದು. 1922ರಲ್ಲಿ ಕಲ್ಕತ್ತಾದಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸ್, ಭಾರತೀಯ ರೋಗಿಗಳಲ್ಲಿ ಈಡಿಪಸ್ ಚಿತ್ರ (ಮಗ ತಾಯಿಯತ್ತ ಸೆಳೆತ, ತಂದೆಯ ಮೇಲೆ ಪೈಪೋಟಿ ಇಟ್ಟುಕೊಳ್ಳುತ್ತಾನೆ ಎಂಬ ಫ್ರಾಯ್ಡ್‌ನ ಮಾತು) ಯುರೋಪಿನವರಂತೆ ಇಲ್ಲ ಎಂದು ಫ್ರಾಯ್ಡ್‌ಗೇ ಬರೆದಿದ್ದರು. ಹಾಗಾಗಿ "ಚಿಕ್ಕಂದಿನಲ್ಲಿ ಯಾರಿಗೆ ಹೆದರುತ್ತಿದ್ದಿರಿ, ಯಾರ ಹತ್ತಿರ ಅಳುತ್ತಿದ್ದಿರಿ?" ಎಂದು ತೆರೆದೇ ಕೇಳಿ.

ಕಾರೋಣರಿಗೆ, ಅಂದರೆ ಮನೆತನದ ಪೂರ್ವಜರಿಗೆ, ಸಲ್ಲಬೇಕಾದದ್ದು ಸಂದಿಲ್ಲ, ಅದಕ್ಕೇ ಹೀಗೆ ಎಂದು ಮನೆಯ ಹಿರಿಯರು ಹೇಳಿದರೆ ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಒರಟುತನ, ಕೆಲಸಕ್ಕೂ ನಷ್ಟ. ಸತ್ತವರೊಂದಿಗೆ ಲೆಕ್ಕ ಬಾಕಿ ಇದೆ ಎಂದು ಅವರೂ ಗುರುತಿಸಿದ್ದಾರೆ. ಸತ್ತ ಹಿರಿಯರಿಗೆ ಎಡೆಯಾಗಿ ಮೀದಿ ಇಡುವಾಗ ಹವಾಲ್ದಾರರು ಎಲ್ಲಿರುತ್ತಾರೆ, ಆ ದಿನ ಹೆಚ್ಚು ಕುಡಿಯುತ್ತಾರೆಯೇ ಎಂದು ಕೇಳಿದರೆ ಒಳ್ಳೆಯ ಮಾಹಿತಿ ಸಿಗುತ್ತದೆ.

ಈಗ ಆಡುವ ಮಾತು. ಬರೆದಿಟ್ಟ ಊಹೆಯನ್ನು ಅವರ ಮುಂದೆ ಓದಬಾರದು. ವಿಷಯವನ್ನಷ್ಟೇ ತಿಳಿಸಿದರೆ ರೋಗಿ ಗುಣವಾಗುವುದಿಲ್ಲ, ಅದು ಬರಗಾಲದಲ್ಲಿ ಹಸಿದವರಿಗೆ ಊಟದ ಪಟ್ಟಿ ಹಂಚಿದ ಹಾಗೆ ಎಂದು ಫ್ರಾಯ್ಡ್ 1910ರಲ್ಲೇ ಎಚ್ಚರಿಸಿದ್ದ. "ನೀವು ರೈಟರ್ ಮೇಲೆ ತೋರಿಸುತ್ತಿರುವುದು ನಿಮ್ಮದೇ ತಪ್ಪಿತಸ್ಥ ಭಾವ" ಎಂದರೆ ಹವಾಲ್ದಾರರು ಎದ್ದು ಹೋಗುತ್ತಾರೆ. ಹೋಗುವುದು ಸರಿಯೂ ಹೌದು. ಬದಲಿಗೆ ಅವರ ವಾಕ್ಯವನ್ನೇ ಅವರ ಮುಂದೆ ಇಡಿ: "ಬೇಕಾದ ಹೊತ್ತಿಗೆ ಇರೋದಿಲ್ಲ ಅಂತ ಮೂರು ಸಲ ಹೇಳಿದಿರಿ." ಸುಮ್ಮನಿರಿ. ಇನ್ನೊಂದು ಭೇಟಿಯಲ್ಲಿ, ಅವರೇ ತಂದೆಯ ಮಾತು ಎತ್ತಿದರೆ, "ಆ ದಿನ ಬರೋಕೆ ಆಗಿದ್ದರೆ ಏನು ಮಾಡ್ತಿದ್ದಿರಿ?" ಎಂದು ಕೇಳಬಹುದು. ಅವರು "ಹೌದು" ಎಂದರೆ ಊಹೆ ಸರಿ, "ಇಲ್ಲ" ಎಂದರೆ ತಪ್ಪು ಎಂದಲ್ಲ. ಫ್ರಾಯ್ಡ್ 1937ರಲ್ಲಿ ಹೇಳಿದ ಗುರುತು ಬೇರೆ: ಮಾತಿನ ನಂತರ ಹೊಸ ನೆನಪು ಹೊರಬಂದಿತೇ? ತಡವಾಗಿ ತಲುಪಿದ ಸುದ್ದಿ, ರೈಲಿನಲ್ಲಿ ಕಳೆದ ರಾತ್ರಿ, ಅಣ್ಣ ಆಡಿದ ಒಂದು ಮಾತು. ಅದು ಬರದೆ ಬರೀ ತಲೆಯಾಡಿಸುವುದು ಮರ್ಯಾದೆಗೆ ಮಾತ್ರ.

ಈ ಸಿದ್ಧಾಂತವನ್ನು ತರಲೇಬಾರದ ಜಾಗವೂ ಇದೆ. 2018ರ ಆಗಸ್ಟ್‌ನ ಕೊಡಗಿನ ಭೂಕುಸಿತದಲ್ಲಿ ಮನೆ, ಮನೆಯವರನ್ನು ಕಳೆದುಕೊಂಡವರು ಜೋರು ಮಳೆಯ ರಾತ್ರಿ ನಿದ್ದೆಗೆಟ್ಟರೆ ಅದರ ಹಿಂದೆ ಬಾಲ್ಯ ಹುಡುಕಬೇಡಿ. ಅವರು ಏನನ್ನೂ ಮರೆತಿಲ್ಲ, ನೆನಪೇ ಅವರನ್ನು ಬಿಡುತ್ತಿಲ್ಲ. ಕನಸು ಬಯಕೆಯ ಈಡೇರಿಕೆ ಎಂದಿದ್ದ ಫ್ರಾಯ್ಡ್ ಕೂಡ, ಆಘಾತಕ್ಕೆ ಸಿಕ್ಕವರು ಕನಸಿನಲ್ಲಿ ಅದೇ ಘಟನೆಗೆ ಮರಳುವುದು ಆ ಸೂತ್ರಕ್ಕೆ ಹೊಂದುವುದಿಲ್ಲ ಎಂದು 1920ರಲ್ಲಿ ಒಪ್ಪಿಕೊಂಡ. ಇವರಿಗೆ ಬೇಕಾದದ್ದು ಸುರಕ್ಷಿತ ಮನೆ, ನಿದ್ದೆ, ಆಘಾತಕ್ಕೆಂದೇ ಇರುವ ಚಿಕಿತ್ಸೆ.

ಕೇಸ್ ಶೀಟಿನಲ್ಲಿ ಮನೆತನದ ಹೆಸರು ಬರೆಯದೆ ಸಂಖ್ಯೆ ಹಾಕಿ. ಕೊಡಗಿನಲ್ಲಿ ಮನೆತನ, ಊರು ಎರಡು ಗೊತ್ತಾದರೆ ಆಳು ಯಾರೆಂದು ತಿಳಿಯಲು ಒಂದು ನಿಮಿಷ ಸಾಕು. ಗೋಪ್ಯತೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ಕೊಟ್ಟ ಹಕ್ಕು. ಫ್ರಾಯ್ಡ್ ವಾರಕ್ಕೆ ಆರು ದಿನ ಒಬ್ಬೊಬ್ಬರನ್ನು ನೋಡುತ್ತಿದ್ದ. ನಮಗೆ ಸಿಗುವುದು ಹದಿನೈದು ದಿನಕ್ಕೊಮ್ಮೆ ಮುಕ್ಕಾಲು ಗಂಟೆ. ಇಷ್ಟರಲ್ಲಿ ವಿಶ್ಲೇಷಣೆ ಆಗದು, ಊಹೆ ಮಾತ್ರ ಸಾಧ್ಯ. ಆರನೇ ಭೇಟಿಗೆ ಊಹೆ ಬರೆದ ಆ ಪುಟವನ್ನು ತೆಗೆದು ಓದಿ. ಶನಿವಾರದ ಜಗಳ ಕಡಿಮೆಯಾಗಿಲ್ಲ, ಹೊಸ ನೆನಪೂ ಬಂದಿಲ್ಲ ಎಂದಾದರೆ ಊಹೆಯನ್ನು ಹೊಡೆದುಹಾಕಿ ಮಡಿಕೇರಿಯ ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಮನೋವೈದ್ಯರಿಗೆ ಕಳಿಸಿ, ಜೊತೆಗೆ ಅಡಿಗೆರೆ ಹಾಕಿದ ಆ ವಾಕ್ಯಗಳನ್ನೂ ಬರೆದು ಕೊಡಿ.