ಗುಮ್ಮಟದ ಮೇಲೆ ಕಲಿತ 0.22 ಸೆಕೆಂಡು

ಕಾರಹುಣ್ಣಿಮೆಯ ಮರುದಿನ ನಮ್ಮ ವಿಜ್ಞಾನದ ಸರ್ ತೀರಿಕೊಂಡರು. ಹದಿನೈದು ದಿನದ ಮೇಲೆ ಶಾಲೆಯಿಂದ ಫೋನ್ ಬಂತು. ಸಂಚಿಕೆಗೆ ಅವರ ಬಗ್ಗೆ ಬರೆದುಕೊಡಿ, ಸಿನಿಮಾ ಲೈನಿಗೆ ಬರಬೇಕೆನ್ನುವ ಹುಡುಗ ಹುಡುಗಿಯರು ಈಗ ಬಹಳ ಇದ್ದಾರೆ, ಅವರಿಗೂ ನಾಲ್ಕು ಮಾತು ಇರಲಿ ಎಂದರು. ಒಂದೇ ಲೇಖನದಲ್ಲಿ ಎರಡೂ ಆಗುತ್ತದೆ. ಪತ್ರಿಕೆಗಳಿಗೆ ಬಿಡಿಯಾಗಿ ಸಿನಿಮಾ ಬರಹ ಬರೆಯುವುದು, ದೆವ್ವದ ಚಿತ್ರ ಮಾಡುವುದು ನನ್ನ ಕಸುಬು. ಅದರ ಅರ್ಧ ಪಾಠ ಆ ಸರ್ ಕೊಟ್ಟದ್ದು, ಇನ್ನರ್ಧ ಕನ್ನಡದ ಗುರುಗಳು ಕೊಟ್ಟದ್ದು. ಎಸ್ಸೆಸ್ಸೆಲ್ಸಿಯಲ್ಲಿ ಏನೇನು ಓದಿದೆವೋ ಈಗ ಒಂದೂ ನೆನಪಿಲ್ಲ.

ಧ್ವನಿಯ ಪಾಠವನ್ನು ಸರ್ ತರಗತಿಯಲ್ಲಿ ಮಾಡಲಿಲ್ಲ. ಗೋಳಗುಮ್ಮಟದ ಮೂಲೆಯ ಗೋಪುರದ ಏಳಂತಸ್ತು ಹತ್ತಿಸಿ, ಪಿಸುಮಾತಿನ ಗ್ಯಾಲರಿಯಲ್ಲಿ ನಿಲ್ಲಿಸಿದರು. ಎಲ್ಲರೂ ಕೂಗಾಡತೊಡಗಿದೆವು. ‘ಒದರಬ್ಯಾಡ್ರಿ. ಒಂದ ಚಪ್ಪಾಳಿ ಹೊಡೀರಿ, ಎಷ್ಟ ಸಲ ಬರ್ತದ ಎಣಸ್ರಿ, ಎಷ್ಟೊತ್ತಿಗೆ ಬರ್ತದ ಲೆಕ್ಕಾ ಮಾಡ್ರಿ’ ಅಂದರು. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಶಬ್ದ ಎದುರಿನ ಗೋಡೆಗೆ ಹೋಗಿ ಬರಲು 76 ಮೀಟರ್ ನಡೆಯಬೇಕು. ನಮ್ಮ ಊರಿನ ಬಿಸಿಗಾಳಿಯಲ್ಲಿ ಸೆಕೆಂಡಿಗೆ 345 ಮೀಟರ್ ಹಿಡಿದರೆ 0.22 ಸೆಕೆಂಡು. 1656ರಲ್ಲಿ ಮುಗಿದ ಕಟ್ಟಡವೊಂದು ಅವತ್ತು ನಮಗೆ ಒಂದು ಅಂಕಿಯಾಗಿ ಕೈಗೆ ಸಿಕ್ಕಿತು. ಇವತ್ತಿಗೂ ಗುಹೆಯ ದೃಶ್ಯಕ್ಕೋ ಪಾಳು ವಾಡೆಯ ದೃಶ್ಯಕ್ಕೋ ಪ್ರತಿಧ್ವನಿ ಕೂಡಿಸುವಾಗ ಮೊದಲು ಗೋಡೆಯಿಂದ ಗೋಡೆಗೆ ಎಷ್ಟು ಮೀಟರ್ ಎಂದು ಕೇಳುತ್ತೇನೆ. ಹತ್ತಡಿಯ ಕೋಣೆಗೆ ಗುಮ್ಮಟದ ಪ್ರತಿಧ್ವನಿ ಹಾಕಿದರೆ ನೋಡುವವರಿಗೆ ತಪ್ಪು ಎಲ್ಲಿದೆ ಎಂದು ಗೊತ್ತಾಗುವುದಿಲ್ಲ, ಆದರೆ ಹೆದರಿಕೆ ಹುಟ್ಟುವುದಿಲ್ಲ.

ಇನ್ನು ಆ ವರ್ಷದ ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವ. ನಮ್ಮ ತರಗತಿ ತಾನೇ ಬರೆದ ದೆವ್ವದ ನಾಟಕ ಆಡಿತು. ಸ್ಟಾಫ್ ರೂಮಿನ ಗೂಟಕ್ಕೆ ತೂಗುಹಾಕಿದ್ದ ಕನ್ನಡದ ಗುರುಗಳ ಬಿಳಿ ಜುಬ್ಬಾ ಹೇಳದೆ ಕೇಳದೆ ವೇಷಕ್ಕೆ ಬಂತು. ರಕ್ತವೆಂದು ಕುಂಕುಮ ಕಲಸಿ ಅದರ ಮೇಲೆ ಸುರಿದಾಯಿತು. ಕತ್ತಲೆ ಬೇಕಾದ ಜಾಗಕ್ಕೆ ಸರಿಯಾಗಿ ಮೇನ್ ಬೋರ್ಡಿನ ಫ್ಯೂಜ್ ಕಿತ್ತಾಯಿತು. ಅದನ್ನು ತಿರುಗಿ ಹಾಕುವವರು ಯಾರು ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ಮುಖ್ಯ ಅತಿಥಿಗಳು ಕತ್ತಲಲ್ಲಿ ಬಾಗಿಲು ಹುಡುಕಿದರು. ಮರುದಿನ ಬೆತ್ತ ಬೀಳುತ್ತದೆ ಎಂದೇ ಎಲ್ಲರೂ ಕೈ ಉಜ್ಜಿಕೊಂಡು ಬಂದಿದ್ದೆವು. ವಿಜ್ಞಾನದ ಸರ್ ಬೋರ್ಡಿನ ಮೇಲೆ ‘ಏನು ಕೆಟ್ಟಿತು? ಯಾಕೆ ಕೆಟ್ಟಿತು?’ ಎಂದು ಬರೆದು ಸುಣ್ಣದ ತುಂಡು ನಮ್ಮ ಕೈಗೆ ಕೊಟ್ಟರು. ಕನ್ನಡದ ಗುರುಗಳು ಆ ಕಲೆ ಬಿದ್ದ ಜುಬ್ಬಾವನ್ನೇ ಎರಡು ವರ್ಷ ಶನಿವಾರದ ಮುಂಜಾನೆ ಶಾಲೆಗೆ ಹಾಕಿಕೊಂಡು ಬಂದರು. ಒಂದು ಮಾತೂ ಆಡಲಿಲ್ಲ.

ಬೋರ್ಡಿನ ಮೇಲಿನ ಆ ಎರಡು ಪ್ರಶ್ನೆಯೇ ಈ ಕಸುಬು. ಕುಂಕುಮ ಯಾಕೆ ಕೆಟ್ಟಿತು? ಪುಡಿ ತಳಕ್ಕಿಳಿಯುತ್ತದೆ, ನೀರು ತೆಳ್ಳಗೆ ಹರಿಯುತ್ತದೆ, ದೀಪದ ಬೆಳಕಿಗೆ ಗುಲಾಬಿ ಕಾಣುತ್ತದೆ. ಕ್ಯಾಮೆರಾ ಮುಂದೆ ನಿಲ್ಲುವ ರಕ್ತಕ್ಕೆ ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್ 250 ಮಿಲಿ, ತಿನ್ನುವ ಕೆಂಪು ಬಣ್ಣ ಒಂದು ಚಮಚ, ನೀಲಿ ಎರಡು ಹನಿ ಬೇಕು. ಇದಕ್ಕೆ ಬಿಸಿನೀರಲ್ಲಿ ಗಂಟಿಲ್ಲದಂತೆ ಕಲಸಿದ ಕೋಕೋ ಪುಡಿ ಒಂದು ಚಮಚ ಕೂಡಿಸಬೇಕು. ಬರೀ ಕೆಂಪು ಬಣ್ಣ ಶರಬತ್ತಿನಂತೆ ಆರಪಾರ ಕಾಣುತ್ತದೆ. ಕೋಕೋ ಬಿದ್ದ ಮೇಲೆ ಅದು ಗಟ್ಟಿಯಾಗಿ, ಕಪ್ಪಿಗೆ ತಿರುಗಿ ರಕ್ತವಾಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಈ ಪಾಕ ಸಡಿಲಾಗುತ್ತದೆ, ಆಗ ನೀರು ಕಡಿಮೆ ಮಾಡಿ. ಬಟ್ಟೆಗೆ ಹಚ್ಚುವುದಾದರೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ ಸೇರಿಸಿದರೆ ಒಗೆದಾಗ ಬಿಡುತ್ತದೆ. ಆದರೆ ಅದನ್ನು ಬಾಯಿಗೆ, ಕಣ್ಣಿನ ಹತ್ತಿರ ತರಬಾರದು. ಬಾಯಿಗೆ ಬೇರೆ ಬಾಟಲಿ, ಅದರ ಮೇಲೆ ಚೀಟಿ. ಇರುವೆ ಬಂದೇ ಬರುತ್ತವೆ, ಮುಚ್ಚಳ ಹಾಕಿಡಿ. ಒಂದೇ ತರಹದ ಅಂಗಿ ಮೂರು ಇರಲಿ. ಒಂದೇ ಅಂಗಿ ಇದ್ದರೆ ಆ ಶಾಟ್ ಒಂದೇ ಸಲ ತೆಗೆಯಬಹುದು.

ಫ್ಯೂಜಿನ ಪಾಠ ಇದಕ್ಕಿಂತ ದೊಡ್ಡದು. ತೆರೆಯ ಮೇಲಿನ ಕತ್ತಲೆಯನ್ನು ದೀಪ ಆರಿಸಿ ತರಲು ಬರುವುದಿಲ್ಲ, ಬೆಳಕು ಇಟ್ಟೇ ತರಬೇಕು. ಹಗಲಲ್ಲಿ ರಾತ್ರಿ ತೆಗೆಯುವುದಾದರೆ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್‌ಗೆ ಇಳಿಸಿ, ಆಗ ಬಿಸಿಲು ನೀಲಿಗೆ ತಿರುಗುತ್ತದೆ. ಎಕ್ಸ್‌ಪೋಜರ್ ಎರಡು ಸ್ಟಾಪ್ ಕೆಳಗೆ ತನ್ನಿ, ಅಂದರೆ ಬೆಳಕು ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯಲಿ, ಫ್ರೇಮಿನಲ್ಲಿ ಆಕಾಶ ಬಿಡಬೇಡಿ. ಆಕಾಶ ಕಂಡಿತೆಂದರೆ ಗುಟ್ಟು ರಟ್ಟಾಯಿತು. ಒಳಗೆ ಟ್ಯೂಬ್‌ಲೈಟ್ ಕೆಳಗೆ ತೆಗೆಯುವಾಗ ಶಟರ್ 1/50 ಸೆಕೆಂಡಿಗೆ ಇರಲಿ. ನಮ್ಮ ಕರೆಂಟು 50 ಹರ್ಟ್ಸ್, ಬೆಳಕು ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ಶಟರ್ ಅದಕ್ಕೆ ಹೊಂದದಿದ್ದರೆ ಚಿತ್ರದಲ್ಲಿ ಮಿಣುಕು ಓಡಾಡುತ್ತದೆ. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಅದು ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಹಾಕಿ ನೋಡುವ ಹೊತ್ತಿಗೆ ವಾಡೆಯವರು ಬೀಗ ಹಾಕಿಕೊಂಡು ಹೋಗಿರುತ್ತಾರೆ.

ಹೊಸಬರು ಹೆಚ್ಚು ಕೆಡಿಸುವುದು ಧ್ವನಿಯನ್ನು. ರಿಕಾರ್ಡರ್ 48 ಕಿಲೋಹರ್ಟ್ಸ್‌ನಲ್ಲಿರಲಿ, ಚಿತ್ರಕ್ಕೂ ಧ್ವನಿಗೂ ತಾಳೆ ಹಾಕಲು ಪ್ರತಿ ಟೇಕಿಗೂ ಕ್ಲ್ಯಾಪ್ ಹೊಡೆಯಿರಿ. ಶೂಟಿಂಗ್ ಮನೆಯ ಫ್ಯಾನ್ ಬಂದ್ ಮಾಡುವುದು ಎಲ್ಲರಿಗೂ ಗೊತ್ತು, ಫ್ರಿಜ್ ಗುಂಯ್‌ಗುಡುವುದು ಕಿವಿಗೆ ಬೀಳುವುದು ಎಡಿಟಿಂಗ್ ಟೇಬಲ್ ಮೇಲೆಯೇ. ಫ್ರಿಜ್ ಆರಿಸಿ, ನಿಮ್ಮ ಗಾಡಿಯ ಕೀಲಿಯನ್ನು ಅದರೊಳಗೇ ಇಡಿ. ಹೋಗುವಾಗ ಕೀಲಿ ಹುಡುಕುತ್ತ ಫ್ರಿಜ್ ತೆಗೆದೇ ತೆಗೆಯುತ್ತೀರಿ, ತಿರುಗಿ ಹಚ್ಚುವುದು ನೆನಪಾಗುತ್ತದೆ, ಆ ಮನೆಯವರ ಹಾಲು ಒಡೆಯುವುದಿಲ್ಲ. ಪ್ರತಿ ಕೋಣೆಯಲ್ಲೂ ಯಾರೂ ಉಸಿರೆತ್ತದೆ 60 ಸೆಕೆಂಡು ಖಾಲಿ ಧ್ವನಿ ಹಿಡಿಯಿರಿ. ಮಾತಿನ ನಡುವೆ ಕತ್ತರಿಸಿದ ಜಾಗಕ್ಕೆ ತೇಪೆ ಅದೇ. ನಿಜವಾದ ನಿಶ್ಶಬ್ದ ಹಾಕಿದರೆ ಥೇಟರಿನಲ್ಲಿ ಸ್ಪೀಕರ್ ಕೆಟ್ಟಿತೆಂದು ಜನ ಹಿಂದೆ ತಿರುಗುತ್ತಾರೆ.

ಉಳಿದದ್ದು ಸರಳ ಗಣಿತ. ಚಿತ್ರಕಥೆಯ ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ಬರೆಯುತ್ತಿದ್ದರೆ ಒಂದು ತಾಸಿಗೆ 45 ಜಿಬಿ. ಪ್ರತಿ ರಾತ್ರಿ ಎರಡು ಬೇರೆ ಡಿಸ್ಕಿಗೆ ನಕಲು ಮಾಡಿ, ತೆರೆದು ನೋಡಿದ ಮೇಲೆಯೇ ಕಾರ್ಡ್ ಅಳಿಸಿ. ಥೇಟರಿಗೆ ಬರುವ ಚಿತ್ರಕ್ಕೆ ಸೆನ್ಸಾರ್ ಸರ್ಟಿಫಿಕೇಟ್ ಬೇಕು. 2023ರ ತಿದ್ದುಪಡಿಯಿಂದ ಯುಎ (ಹೆತ್ತವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ಚಿತ್ರ) ಒಳಗೆ 7, 13, 16 ವರ್ಷದ ಮೂರು ಮೆಟ್ಟಿಲು ಬಂದಿವೆ. ನಮ್ಮ ಭಯದ ಚಿತ್ರಗಳಿಗೆ ಇದು ಹೊಟ್ಟೆಪಾಡಿನ ವಿಷಯ. ‘ಎ’ ಬಿದ್ದರೆ 18 ದಾಟದವರು ಒಳಗೆ ಬರುವಂತಿಲ್ಲ, ಟಿವಿಯಲ್ಲಿ ಹಾಗೇ ತೋರಿಸುವಂತಿಲ್ಲ. ರಕ್ತ ಎಷ್ಟು ಎಂಬುದನ್ನು ಚಿತ್ರಕಥೆ ಬರೆಯುವಾಗಲೇ ತೀರ್ಮಾನಿಸಿ.

ಕನ್ನಡದ ಗುರುಗಳ ಪಾಠವೆಂದರೆ ಸಾರಾಂಶ ಬರೆಯುವುದು. ಗದ್ಯದ ಮೂರರಲ್ಲಿ ಒಂದು ಭಾಗ, ಒಂದು ಪದ ಹೆಚ್ಚಾದರೂ ಕೆಂಪು ಗೆರೆ. ‘ಇದನ್ನ ತಗದರ ಏನ್ ಕೆಡ್ತದ?’ ಎಂದು ಒಂದೊಂದು ಪದಕ್ಕೂ ಕೇಳುತ್ತಿದ್ದರು. ಶುಕ್ರವಾರ ಮಧ್ಯಾಹ್ನ ಚಿತ್ರ ನೋಡಿ, ಸಂಜೆ ಏಳಕ್ಕೆ 500 ಪದದ ವಿಮರ್ಶೆ ಕಳಿಸುವ ಕೈಗೆ ಇದಕ್ಕಿಂತ ಬೇರೆ ತಯಾರಿ ಇಲ್ಲ. ಕಥೆಗೆ 100 ಪದ ಸಾಕು, ಅದೂ ಮಧ್ಯಂತರಕ್ಕಿಂತ ಮೊದಲಿನದು. ಸಂಕಲನಕಾರರು, ಧ್ವನಿಯವರ ಹೆಸರನ್ನು ಟೈಟಲ್ ಕಾರ್ಡಿನಿಂದಲೇ ಬರೆದುಕೊಳ್ಳಿ. ನಿಮ್ಮ ಚಿತ್ರದಲ್ಲಿ ಕೆಲಸ ಮಾಡಿದವರ ಚಿತ್ರಕ್ಕೆ ವಿಮರ್ಶೆ ಬರೆಯಬೇಡಿ, ಸಂಪಾದಕರಿಗೆ ಮೊದಲೇ ಹೇಳಿಬಿಡಿ. ಬರೆಯುವವರೂ ಚಿತ್ರ ಮಾಡುವವರೂ ಒಬ್ಬರೇ ಆದಾಗ ನಂಬಿಕೆ ಉಳಿಯುವುದು ಅದರಿಂದ.

ಬಿಡಿ ಬರಹದ ದುಡ್ಡು ಅಚ್ಚಾದ ಮೇಲೆ ಎರಡು ಮೂರು ತಿಂಗಳಿಗೆ ಬರುತ್ತದೆ. ನಂಬರು, ತಾರೀಖು, ಪ್ಯಾನ್ ಇರುವ ಬಿಲ್ಲನ್ನು ಲೇಖನದ ಜೊತೆಗೇ ಕಳಿಸಿ. ಶೇ 10 ಟಿಡಿಎಸ್ (ದುಡ್ಡು ಕೊಡುವವರೇ ಮೊದಲೇ ಹಿಡಿಯುವ ತೆರಿಗೆ) ಕತ್ತರಿಸಿದ್ದರೆ ಅದು ನಿಮ್ಮ ಪ್ಯಾನ್ ಮೇಲೆ ಜಮಾ ಆಗಿದೆಯೇ ನೋಡಿ. ರಿಟರ್ನ್ ಸಲ್ಲಿಸದಿದ್ದರೆ ತಿರುಗಿ ಬರಬೇಕಾದ ದುಡ್ಡೂ ಬರುವುದಿಲ್ಲ. ಕಥೆ ಮಾರುವಾಗ ಕಾಗದ ಓದಿಯೇ ಸಹಿ ಮಾಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತದೊಳಗೆ ಮಾತ್ರ. ಬರೀ ಎಳೆ ಬಾಯಲ್ಲಿ ಹೇಳಿ ಬಂದರೆ ಅದಕ್ಕೆ ಕಾನೂನಿನ ರಕ್ಷೆ ಇಲ್ಲ. ಪೂರ್ತಿ ಬರೆದು, ನೋಂದಾಯಿಸಿ, ಆಮೇಲೆ ಹೇಳಿ. ನನ್ನ ಹೆಸರು ಅಚ್ಚಾದ ಯಾವ ಕಥೆಯ ಹಕ್ಕೂ ಇವತ್ತಿನವರೆಗೆ ಕೈತಪ್ಪಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಈಗಿನ ಗ್ಯಾದರಿಂಗ್‌ಗಳಿಗೆ ಕರೆದಾಗಲೆಲ್ಲ ಬಂದಿದ್ದೇನೆ. ಬಾಡಿಗೆಯ ಸೌಂಡ್, ಬಾಡಿಗೆಯ ಬಟ್ಟೆ, ಪೆನ್‌ಡ್ರೈವ್‌ನ ಹಾಡು. ಮಕ್ಕಳು ಚಂದ ಕುಣಿಯುತ್ತಾರೆ. ಆದರೆ ಒಂದು ಪುಟ ನಾಟಕ ಬರೆದವರು ಯಾರೂ ಸಿಗಲಿಲ್ಲ, ಟ್ಯೂಷನ್ ಮುಗಿಸಿ ಮನೆಗೆ ಹೋಗುವಾಗ ಎಂಟಾಗುತ್ತದಂತೆ. ಸಾರಾಂಶಕ್ಕೂ ಗೈಡಿನಲ್ಲಿ ಉತ್ತರ ಇದೆ. ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಕೆಡಿಸಿ ಕಲಿಯಲು ಅವರಿಗೆ ವೇಳೆಯನ್ನೇ ಕೊಟ್ಟಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಸರ್ ಹೆಸರಿನಲ್ಲಿ ಲ್ಯಾಬಿನ ಕಪಾಟಿನಲ್ಲಿ ಒಂದು ಪೆಟ್ಟಿಗೆ ಇಟ್ಟು ಬಂದಿದ್ದೇನೆ. ಒಂದು ರಿಕಾರ್ಡರ್, ಹೆಡ್‌ಫೋನ್, ಮೂವತ್ತು ಮೀಟರಿನ ಟೇಪು, ಒಂದು ಸ್ಟಾಪ್‌ವಾಚ್. ಎಂಟನೇ ತರಗತಿಯಿಂದ ಮೇಲೆ ಯಾರು ಬೇಕಾದರೂ ರಜಿಸ್ಟರಿನಲ್ಲಿ ಬರೆದು ಒಯ್ಯಬಹುದು. ಟೇಪು ಗುಮ್ಮಟದ ಅಗಲಕ್ಕೆ ಎಂಟು ಮೀಟರ್ ಸಾಲುವುದಿಲ್ಲ, ಗುರುತು ಹಾಕಿ ಎರಡು ಸಲ ಅಳೆಯಬೇಕು. ತಿರುಗಿ ಇಡುವಾಗ ರಿಕಾರ್ಡರಿನ ಸೆಲ್ ತೆಗೆದಿಡಿ. ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ತಿನ್ನುತ್ತವೆ.