ವೈಯಕ್ತಿಕ ಕಾರಣ

“ಲಿಖಿತವಾಗಿ ಏನಾದರೂ ಇದೆಯೇ, ಮೇಡಂ?”

ಮಂಗಳವಾರದಿಂದ ಈ ಮಾತು ಕಿವಿ ಬಿಟ್ಟು ಹೋಗಿಲ್ಲ. ರೊಟ್ಟಿ ಬಡಿಯುವಾಗ ಕೇಳಿಸುತ್ತದೆ, ಚಿಗರಿ ಬಸ್ಸು ಉಣಕಲ್ ಕೆರೆ ದಾಟುವಾಗ ಕೇಳಿಸುತ್ತದೆ. ಹೇಳಿದವರು ಹುಬ್ಬಳ್ಳಿಯ ಒಂದು ಕಾಲೇಜಿನ ಪ್ರಾಚಾರ್ಯರು. ಗದರಿಸಿ ಹೇಳಲಿಲ್ಲ. ತಾವೇ ಕುರ್ಚಿ ಎಳೆದು ಕೊಟ್ಟರು, ಚಹಾ ತರಿಸಿದರು, ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು, ಆಮೇಲೆ ಬಹಳ ಸಮಾಧಾನದಿಂದ ಕೇಳಿದರು. ಸಿಟ್ಟಿನಿಂದ ಕೇಳಿದ್ದರೆ ನಾನೂ ಸಿಟ್ಟಿನಿಂದ ಉತ್ತರ ಕೊಡುತ್ತಿದ್ದೆ. ಆ ಸಮಾಧಾನಕ್ಕೆ ಏನು ಹೇಳಬೇಕೆಂದು ಆಗ ತಿಳಿಯಲಿಲ್ಲ.

ವಿಷಯ ನನ್ನ ತಂಗಿಯ ಮಗಳದ್ದು. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವಳ ಹೆಸರು, ಊರು, ಆಡುವ ಆಟ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ವಯಸ್ಸು ಹತ್ತೊಂಬತ್ತು, ಪದವಿಯ ಎರಡನೆಯ ವರ್ಷ. ಈ ಸಲ ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ಅವಳ ಹೆಸರು ಹೋಗಿತ್ತು. ಹೋದ ಭಾನುವಾರ ಧಾರವಾಡದ ನಮ್ಮ ಮನೆಗೆ ಊಟಕ್ಕೆ ಬಂದವಳು ತಟ್ಟೆ ತೊಳೆಯುತ್ತ ನಿಂತಾಗ, “ಆಟ ಬಿಟ್ಟೆ, ದೊಡ್ಡವ್ವ” ಎಂದಳು. ಯಾಕೆ ಎಂದು ನಾನು ಕೇಳಿದ ಮೇಲೂ ತಿರುಗಲಿಲ್ಲ. ನಲ್ಲಿಯ ಕಡೆ ಮುಖ ಮಾಡಿಕೊಂಡೇ, ನೀರು ಬಿಟ್ಟುಕೊಂಡೇ ಎಲ್ಲವನ್ನೂ ಹೇಳಿದಳು.

ಪಾದದ ಕೀಲು ಉಳುಕಿದಾಗ ದೈಹಿಕ ಶಿಕ್ಷಣ ನಿರ್ದೇಶಕರು “ನಾನೇ ನೋಡುತ್ತೇನೆ” ಎಂದು ಉಳಿದವರನ್ನೆಲ್ಲ ಹೊರಗೆ ಕಳಿಸಿದ್ದು, ಉಳುಕಿದ್ದು ಪಾದವಾದರೂ ಕೈ ಅಲ್ಲಿಗೇ ನಿಲ್ಲದೆ ಹೋದದ್ದು, ರಾತ್ರಿ ಹನ್ನೊಂದರ ಮೇಲೆ ಮೊಬೈಲಿಗೆ ಬರುತ್ತಿದ್ದ ಸಂದೇಶಗಳು, ಉತ್ತರ ಕೊಡದ ಮರುದಿನ ಮೈದಾನದ ಹೊರಗೆ ಕೂರಿಸಿದ್ದು. “ಆಯ್ಕೆ ಸಮಿತಿಯಲ್ಲಿ ಕೂರುವವನು ನಾನೇ ಎಂಬುದು ನೆನಪಿರಲಿ” ಎಂದಿದ್ದು. ನಮ್ಮ ಕಡೆ ಆಟವಾಡುವ ಹಳ್ಳಿಯ ಹುಡುಗಿಗೆ ಈ ಒಂದು ಮಾತು ಸಾಕು. ಅರ್ಹತಾ ಫಾರಂಗೆ ಸಹಿ ಅವರದೇ, ಹಾಜರಾತಿ ಪತ್ರ ಅವರದೇ, ಪ್ರಯಾಣಭತ್ಯೆ ಅವರ ಕೈಯಿಂದಲೇ. ಯೂನಿವರ್ಸಿಟಿ ಬ್ಲೂ, ಅಂದರೆ ವಿಶ್ವವಿದ್ಯಾಲಯದ ಪರವಾಗಿ ಆಡಿದ ಆಟಗಾರ್ತಿ, ಆಗಬೇಕು, ಅದರಿಂದ ಕ್ರೀಡಾ ಕೋಟಾದಲ್ಲಿ ಒಂದು ನೌಕರಿ ಸಿಗಬೇಕು ಎಂದು ಮನೆಯವರೆಲ್ಲ ಕಣ್ಣಿಟ್ಟು ಕೂತಿರುತ್ತಾರೆ. ಆ ಬಾಗಿಲಿನ ಕೀಲಿ ಒಬ್ಬನ ಜೇಬಿನಲ್ಲಿದೆ.

ಅವಳು ಸುಮ್ಮನಿರಲಿಲ್ಲ. ಹುಡುಗಿಯರ ತಂಡದ ಜೊತೆ ಮ್ಯಾನೇಜರ್ ಆಗಿ ಹೋಗುವ ಅಧ್ಯಾಪಕಿಯೊಬ್ಬರಿಗೆ ಹೇಳಿದ್ದಳು. ಅವರು, “ಸರ್ ಸ್ವಭಾವವೇ ಹಾಗೆ, ಮನಸ್ಸಿನಲ್ಲಿ ಏನೂ ಇರುವುದಿಲ್ಲ. ನೀನು ಒಬ್ಬಳೇ ಹೋಗಬೇಡ, ಅಷ್ಟೇ” ಎಂದರಂತೆ. ಈ ಹೆಣ್ಣುಮಗಳ ಮೇಲೆ ನನಗಿರುವ ಸಿಟ್ಟು ಆ ನಿರ್ದೇಶಕನ ಮೇಲೂ ಇಲ್ಲವೇನೋ ಅನ್ನಿಸುತ್ತದೆ. ಒಬ್ಬಳೇ ಹೋಗಬೇಡ ಎನ್ನುವವರಿಗೆ ಒಬ್ಬಳೇ ಹೋದರೆ ಏನಾಗುತ್ತದೆ ಎಂಬುದು ಗೊತ್ತಿರುತ್ತದೆ.

ಮಂಗಳವಾರ ಅರ್ಧ ದಿನ ರಜೆ ಹಾಕಿ ಅವಳ ಜೊತೆ ಕಾಲೇಜಿಗೆ ಹೋದೆ. ಕಾಲೇಜಿನಿಂದ ಪಡೆದ ಬೂಟು ಇನ್ನೂ ಅವಳಲ್ಲೇ ಇತ್ತು. ಅದನ್ನು ಮರಳಿಸದಿದ್ದರೆ ಪರೀಕ್ಷೆಯ ಹೊತ್ತಿಗೆ ಬಾಕಿ ಇಲ್ಲವೆಂಬ ಪತ್ರ ಸಿಗುವುದಿಲ್ಲ. ಕ್ರೀಡಾ ಸಾಮಗ್ರಿಗಳ ಕೋಣೆಯಲ್ಲಿ ವಯಸ್ಸಾದ ಸಿಪಾಯಿ ಕೆಂಪು ಬಟ್ಟೆಯ ಬೆನ್ನಿನ ಉದ್ದನೆಯ ರಿಜಿಸ್ಟರ್ ತೆಗೆದರು. ಟ್ರ್ಯಾಕ್ ಸೂಟ್ 1, ಬೂಟು 1 ಜೊತೆ, ಮೊಣಕಾಲಿನ ಪಟ್ಟಿ 2. ಬೂಟಿನ ಲೇಸು ಎಣಿಸಿ, ಅಡಿ ತಿರುಗಿಸಿ ನೋಡಿ, ಮರಳಿ ಪಡೆದಿದೆ ಎಂದು ಬರೆದುಕೊಂಡರು. ಕೊನೆಯ ಕಲಂ ‘ಷರಾ’. ಹುಡುಗಿಯನ್ನು ಏನೂ ಕೇಳಲಿಲ್ಲ. ಆ ಚೌಕದಲ್ಲಿ ಪೆನ್ನಿನಿಂದ ಎರಡು ಪುಟ್ಟ ಗೆರೆ ಎಳೆದರು, ಮೇಲಿನಂತೆ ಎಂದು ತಿಳಿಸಲು ಹಾಕುತ್ತಾರಲ್ಲ, ಅಂಥವು. ಮೇಲೆ ಏನಿದೆ ಎಂದು ಬಗ್ಗಿ ನೋಡಿದೆ. ಅಲ್ಲಿಯೂ ಎರಡು ಗೆರೆ. ಅದರ ಮೇಲೆಯೂ ಎರಡು ಗೆರೆ. ಅದರ ಮೇಲಿನ ಸಾಲಿನಲ್ಲಿ ಅಕ್ಷರಗಳಿದ್ದವು: ‘ವೈಯಕ್ತಿಕ ಕಾರಣದಿಂದ ತಂಡ ತೊರೆದಿರುತ್ತಾರೆ.’

ನಾಲ್ವರು ಹುಡುಗಿಯರು. ಉಳಿದ ಮೂವರೂ ಇದೇ ಕಾರಣಕ್ಕೆ ಹೋದರು ಎಂದು ನಾನು ಹೇಳಲಾರೆ. ಒಬ್ಬಳಿಗೆ ಮದುವೆಯಾಗಿರಬಹುದು, ಒಬ್ಬಳು ಊರು ಬಿಟ್ಟಿರಬಹುದು. ಆದರೆ ಕೇಳಿದವರು ಯಾರು? ಬೂಟಿನ ಲೇಸು ಎರಡೂ ಇವೆಯೇ ಎಂದು ಕೇಳುವ ಸಂಸ್ಥೆಗೆ, ಹುಡುಗಿ ಯಾಕೆ ಹೋಗುತ್ತಿದ್ದಾಳೆ ಎಂದು ಕೇಳಲು ಆಗಲಿಲ್ಲ.

ಅಲ್ಲಿಂದ ನೇರವಾಗಿ ಪ್ರಾಚಾರ್ಯರ ಕೋಣೆಗೆ ಹೋದೆ. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಅವರು ಆ ಮಾತು ಹೇಳಿದ್ದು. ಇಲ್ಲ, ಇನ್ನೂ ಬರೆದುಕೊಟ್ಟಿಲ್ಲ ಎಂದೆ. ಅವರ ಭುಜ ಸ್ವಲ್ಪ ಸಡಿಲವಾದದ್ದು ನನ್ನ ಕಣ್ಣಿಗೆ ಬಿತ್ತು. “ನೋಡಿ ಮೇಡಂ, ನಮ್ಮಲ್ಲಿ ಸಮಿತಿ ಇದೆ. ಆರು ವರ್ಷದಲ್ಲಿ ಒಂದೇ ಒಂದು ದೂರು ಬಂದಿಲ್ಲ. ವಾರ್ಷಿಕ ವರದಿಯಲ್ಲಿ ಶೂನ್ಯ ಎಂದೇ ಕಳಿಸುತ್ತೇವೆ” ಎಂದರು. ಆ ಶೂನ್ಯದ ಬಗ್ಗೆ ಅವರಿಗೆ ಹೆಮ್ಮೆಯಿತ್ತು. ನಾಟಕವಾಡುತ್ತಿರಲಿಲ್ಲ, ಅವರು ಅದನ್ನು ನಿಜವಾಗಿಯೂ ನಂಬಿದ್ದರು. ಹಿಂದೆ ಗಾಜಿನ ಕಪಾಟಿನ ತುಂಬ ಕಪ್ಪುಗಳು, ಢಾಲುಗಳು. ಹೆಚ್ಚಿನವು ಆ ನಿರ್ದೇಶಕನ ಕಾಲದಲ್ಲಿ ಬಂದವು.

ಸಮಿತಿಯ ಫಲಕ ಮೆಟ್ಟಿಲಿನ ಮಗ್ಗುಲಲ್ಲಿದೆ ಎಂದರು. ಇಳಿಯುವಾಗ ನಿಂತು ಓದಿದೆ. ‘ಆಂತರಿಕ ದೂರು ಸಮಿತಿ’. ಅಧ್ಯಕ್ಷೆಯ ಹೆಸರಿನವರು ನಿವೃತ್ತರಾಗಿ ಎರಡು ವರ್ಷವಾಯಿತು ಎಂದು ನನ್ನ ಮಗಳು (ಅವಳನ್ನು ಹಾಗೆಯೇ ಕರೆಯುವುದು ನನಗೆ ರೂಢಿ) ಹೇಳಿದಳು. ಕೆಳಗೆ ದೂರವಾಣಿ ಸಂಖ್ಯೆ. ಮೊಬೈಲಿನಲ್ಲಿ ಒತ್ತುತ್ತ ಹೋದೆ, ಅಂಕಿ ಮುಗಿದುಹೋಯಿತು. ಬೆರಳಿಟ್ಟು ಎಣಿಸಿದೆ. ಒಂಬತ್ತೇ ಇದ್ದವು. ಬರೆದವನು ಒಂದು ಅಂಕಿ ಬಿಟ್ಟಿದ್ದ. ಬಿಟ್ಟಿದ್ದಾನೆ ಎಂಬುದು ಇಷ್ಟು ವರ್ಷ ಯಾರ ಗಮನಕ್ಕೂ ಬಂದಿರಲಿಲ್ಲ, ಅಥವಾ ಬಂದವರು ಬಾಯಿ ಬಿಟ್ಟಿರಲಿಲ್ಲ. ಆರು ವರ್ಷದ ಆ ಶೂನ್ಯ ಎಲ್ಲಿಂದ ಬರುತ್ತದೆ ಎಂಬುದು ಆ ಮೆಟ್ಟಿಲಿನ ಮೇಲೆ ನಿಂತಾಗ ನನಗೆ ತಿಳಿಯಿತು.

ಲಿಖಿತವಾಗಿ ಏನಾದರೂ ಇದೆಯೇ?

ಆ ರಾತ್ರಿ ಕಾನೂನನ್ನೇ ತೆಗೆದು ಓದಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ವಿದ್ಯಾರ್ಥಿನಿಯರನ್ನೂ ಸೇರಿಸಿಕೊಂಡು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರಲ್ಲಿ ಮಾಡಿದ ನಿಯಮಗಳೂ ಇವೆ. ದೂರು ಲಿಖಿತವಾಗಿರಬೇಕು ಎಂದು ಕಾಯ್ದೆಯ 9ನೆಯ ಕಲಮು ಹೇಳುವುದು ನಿಜ. ಆದರೆ ಅದೇ ಕಲಮು ಮುಂದುವರಿದು, ಬರೆದುಕೊಡಲು ಆಗದಿದ್ದರೆ ಸಮಿತಿಯ ಅಧ್ಯಕ್ಷೆಯೋ ಸದಸ್ಯರೋ ಬರೆಯಲು ನೆರವಾಗಬೇಕು ಎನ್ನುತ್ತದೆ. ನೆರವಾಗಬಹುದು ಎಂದಿಲ್ಲ, ಆಗಬೇಕು ಎಂದೇ ಇದೆ. ಘಟನೆ ನಡೆದು ಮೂರು ತಿಂಗಳೊಳಗೆ ದೂರು ಕೊಡಬೇಕು, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಸಮಿತಿಯಲ್ಲಿ ಹೊರಗಿನ ಸಂಸ್ಥೆಯ ಒಬ್ಬರು ಇರಲೇಬೇಕು, ಅರ್ಧದಷ್ಟಾದರೂ ಮಹಿಳೆಯರಿರಬೇಕು. ಹದಿನೆಂಟು ತುಂಬದ ಪಿಯು ಮಕ್ಕಳ ವಿಷಯವಾದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಇನ್ನೂ ಕಟ್ಟುನಿಟ್ಟು: ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಇಷ್ಟೆಲ್ಲ ಬರೆದಿಟ್ಟಿರುವಾಗ ಪ್ರಾಚಾರ್ಯರು ಮೇಜಿನ ಡ್ರಾಯರ್ ಎಳೆದು ಒಂದು ಬಿಳಿ ಹಾಳೆ, ಒಂದು ಪೆನ್ನು ಹೊರಗೆ ಇಟ್ಟಿದ್ದರೆ ಸಾಕಿತ್ತು.

ಈಗ ನನ್ನದೇ ಒಂದು ಮಾತು ಹೇಳಬೇಕು. ಇದನ್ನು ಇಪ್ಪತ್ತೆಂಟು ವರ್ಷ ಯಾರಿಗೂ ಹೇಳಿರಲಿಲ್ಲ.

1997. ನಾನು ಧಾರವಾಡದಲ್ಲಿ ಓದುತ್ತಿದ್ದೆ, ಕಾಲೇಜಿನ ಖೋಖೋ ತಂಡದ ನಾಯಕಿ. ಕಾರವಾರದಲ್ಲಿ ಪಂದ್ಯ ಗೆದ್ದು ರಾತ್ರಿ ಬಸ್ಸಿನಲ್ಲಿ ಬರುತ್ತಿದ್ದೆವು. ಅರಬೈಲ್ ಘಟ್ಟ ಏರುವಾಗ ಎಲ್ಲರೂ ಮಲಗಿದ್ದರು. ಪಕ್ಕದಲ್ಲಿ ಕುಳಿತವಳು ನಮ್ಮ ತಂಡದಲ್ಲಿ ಎಲ್ಲರಿಗಿಂತ ಚುರುಕಾದ ಓಟಗಾರ್ತಿ, ಕಂಬದ ಸುತ್ತ ತಿರುಗಿದರೆ ಕೈಗೆ ಸಿಗುತ್ತಿರಲಿಲ್ಲ. ಪ್ರತಿ ತಿರುವಿಗೂ ಅವಳ ಭುಜ ನನ್ನ ಭುಜಕ್ಕೆ ತಾಕುತ್ತಿತ್ತು. “ಮುಂದಿನ ಶಿಬಿರಕ್ಕೆ ನಾನು ಬರುವುದಿಲ್ಲ” ಎಂದಳು. ಯಾಕೆ ಎಂಬುದನ್ನೂ ಹೇಳಿದಳು. ನಾನು ಏನೆಂದೆ ಗೊತ್ತೇ? “ಅಂತರ ವಿಶ್ವವಿದ್ಯಾಲಯದ ಪಂದ್ಯ ಮುಗಿಯಲಿ, ಆಮೇಲೆ ನೋಡೋಣ.” ಅವಳು ಕಿಟಕಿಯ ಕಡೆ ತಿರುಗಿದಳು. ಶಿಬಿರಕ್ಕೆ ಬರಲಿಲ್ಲ, ಮುಂದಿನ ವರ್ಷ ಕಾಲೇಜಿಗೂ ಬರಲಿಲ್ಲ. ಪಂದ್ಯ ಮುಗಿದ ಮೇಲೆ ನಾನು ಏನನ್ನೂ ನೋಡಲಿಲ್ಲ. ನನಗೆ ಬ್ಲೂ ಸಿಕ್ಕಿತು. ಆ ಪ್ರಮಾಣಪತ್ರದಿಂದ ಸಿಕ್ಕ ನೌಕರಿಯಲ್ಲೇ ಇವತ್ತಿಗೂ ಇದ್ದೇನೆ.

ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂದದ್ದು ಅದೇ 1997ರ ಆಗಸ್ಟಿನಲ್ಲಿ. ನಮ್ಮ ಮೈದಾನದವರೆಗೆ ಅದರ ಸುದ್ದಿ ಬರಲಿಲ್ಲ. ಅದೇ ವರ್ಷ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಆವರಣದಲ್ಲಿ ಜಿಮ್ನಾಸ್ಟಿಕ್ಸ್ ಕಲಿಯುತ್ತಿದ್ದ 16 ವರ್ಷದ ಹುಡುಗಿಯೊಬ್ಬಳು ವೈದ್ಯ ಲ್ಯಾರಿ ನಾಸರ್ ಚಿಕಿತ್ಸೆಯ ಹೆಸರಿನಲ್ಲಿ ಮಾಡುತ್ತಿದ್ದುದನ್ನು ತನ್ನ ತರಬೇತುದಾರ್ತಿಗೆ ಹೇಳಿದಳಂತೆ. ನೀನು ತಪ್ಪು ತಿಳಿದಿದ್ದೀಯ ಎಂಬ ಉತ್ತರ ಸಿಕ್ಕಿತು ಎಂದು ಅವಳು ದೊಡ್ಡವಳಾದ ಮೇಲೆ ಹೇಳಿಕೊಂಡಳು. 2014ರಲ್ಲಿ ಇನ್ನೊಬ್ಬಳು ವಿಶ್ವವಿದ್ಯಾಲಯಕ್ಕೆ ದೂರು ಕೊಟ್ಟಳು. ವಿಚಾರಣೆ ನಡೆಸಿ, ಅದು ವೈದ್ಯಕೀಯ ಚಿಕಿತ್ಸೆಯೇ ಎಂದು ಹೇಳಿ ಮುಗಿಸಿದರು. 2016ರಲ್ಲಿ ಪತ್ರಿಕೆಯಲ್ಲಿ ಬಂದ ಮೇಲೆಯೇ ಅದು ಹೊರಬಿದ್ದದ್ದು. 2018ರ ಜನವರಿಯಲ್ಲಿ ನ್ಯಾಯಾಲಯದಲ್ಲಿ ಏಳು ದಿನ 156 ಮಂದಿ ತಮ್ಮ ನೋವನ್ನು ಹೇಳಿಕೊಂಡರು. ಅವನಿಗೆ 40ರಿಂದ 175 ವರ್ಷದ ಶಿಕ್ಷೆಯಾಯಿತು, ವಿಶ್ವವಿದ್ಯಾಲಯ 50 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ನಾನು ಎಣಿಸಿದ್ದು ಡಾಲರ್ ಅಲ್ಲ, ವರ್ಷಗಳನ್ನು. 1997ರಲ್ಲಿ ಒಬ್ಬಳ ಮಾತನ್ನು ಯಾರಾದರೂ ಹಾಳೆಯ ಮೇಲೆ ಇಳಿಸಿದ್ದರೆ ಆಮೇಲೆ ಎಷ್ಟು ಮಕ್ಕಳು ಉಳಿಯುತ್ತಿದ್ದರು?

ಇದು ಹೆಣ್ಣುಮಕ್ಕಳ ಅಂಜುಬುರುಕತನ ಎನ್ನುವವರಿಗೆ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ಕಥೆ ಹೇಳಬೇಕು. 1978ರಿಂದ 1998ರವರೆಗೆ ಅಲ್ಲಿದ್ದ ವೈದ್ಯ ರಿಚರ್ಡ್ ಸ್ಟ್ರಾಸ್ ಕನಿಷ್ಠ 177 ವಿದ್ಯಾರ್ಥಿಗಳನ್ನು ಪೀಡಿಸಿದ್ದ ಎಂದು 2019ರ ತನಿಖಾ ವರದಿ ಹೇಳಿತು. ಅವರಲ್ಲಿ ಬಹಳಷ್ಟು ಮಂದಿ ಗಂಡು ಕ್ರೀಡಾಪಟುಗಳು, ಕುಸ್ತಿಪಟುಗಳೂ ಇದ್ದರು. ಗದಗ, ಧಾರವಾಡದ ಗರಡಿಮನೆಗಳನ್ನು ನೋಡಿ ಬೆಳೆದವಳು ನಾನು, ಪೈಲ್ವಾನನ ಮೈಯಲ್ಲಿ ಎಂಥ ಬಲವಿರುತ್ತದೆ ಎಂಬುದು ಗೊತ್ತು. ಅಂಥವರ ಬಾಯನ್ನೇ ಅಷ್ಟು ವರ್ಷ ಕಟ್ಟಿಹಾಕಿದ ವ್ಯವಸ್ಥೆ ಒಬ್ಬ ಹಳ್ಳಿ ಹುಡುಗಿಯನ್ನು ಬಿಟ್ಟೀತೇ? ನಮ್ಮಲ್ಲಿ ಒಲಿಂಪಿಕ್ ಪದಕ ಗೆದ್ದ ಸಾಕ್ಷಿ ಮಲಿಕ್ ಅವರೇ 2023ರಲ್ಲಿ ಜಂತರ್ ಮಂತರ್‌ನಲ್ಲಿ ರಸ್ತೆಯ ಮೇಲೆ ಕುಳಿತುಕೊಳ್ಳಬೇಕಾಯಿತು. ಲೈಂಗಿಕ ಕಿರುಕುಳದ ದೂರಿನ ಮೇಲೆ ಎಫ್‌ಐಆರ್ ದಾಖಲಾಗಲು ಕುಸ್ತಿಪಟುಗಳು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು.

ಖೋಖೋ ಆಡಿದವರಿಗೆ ಗೊತ್ತು. ಹಿಂದಿನಿಂದ ಕೂತವಳ ಬೆನ್ನು ಮುಟ್ಟಿ ‘ಖೋ’ ಎಂದರೆ ಅವಳು ಎದ್ದು ಓಡಬೇಕು, ಮುಟ್ಟಿದವಳು ಅವಳ ಜಾಗದಲ್ಲಿ ಕೂರಬೇಕು. ಮ್ಯಾನೇಜರ್ ಮೇಡಂ ಹುಡುಗಿಗೇ ಖೋ ಕೊಟ್ಟು ಕೂತರು. ಪ್ರಾಚಾರ್ಯರು ಸಮಿತಿಗೆ ಕೊಟ್ಟು ಕೂತರು. ಸಮಿತಿಗೆ ದೂರವಾಣಿಯೇ ಇಲ್ಲ. ಅರಬೈಲ್ ಘಟ್ಟದಲ್ಲಿ ನಾನು ಕೊಟ್ಟದ್ದೂ ಅದನ್ನೇ.

ಬುಧವಾರ ರಾತ್ರಿ ತಂಗಿಗೆ ಫೋನು ಮಾಡಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಕ್ಕ, ಅವಳಿಗೆ ಪರೀಕ್ಷೆ ಬರೆಯಲು ಬಿಡುತ್ತಾರೆಯೇ?” ಎಂದು ಅಷ್ಟೇ ಕೇಳಿದಳು. ಬಿಡಲೇಬೇಕು ಎಂದೆ. “ಹಾಗಾದರೆ ಬರೆಯಿಸು” ಎಂದಳು.

ಗುರುವಾರ ಸಂಜೆ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕುಳಿತೆವು. ‘ಇವರಿಗೆ, ಅಧ್ಯಕ್ಷರು, ಆಂತರಿಕ ದೂರು ಸಮಿತಿ’ ಎಂದು ಬರೆದಳು. ವಿಷಯ ಬರೆದಳು. ಮೂರನೆಯ ಸಾಲಿಗೆ ಪೆನ್ನು ನಿಂತಿತು.

“ಯಾವ ತಾರೀಖು ಬರೆಯಲಿ, ದೊಡ್ಡವ್ವ? ಮೊದಲ ಸಲದ್ದೋ, ಕೊನೆಯ ಸಲದ್ದೋ?”

ನಾನು ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ಎಲ್ಲ ತಾರೀಖುಗಳನ್ನೂ ಬರೆ ಎಂದೆ. ಮೊಬೈಲಿನ ಸಂದೇಶಗಳನ್ನು ನೋಡಿಕೊಂಡು ಒಂದೊಂದಾಗಿ ಬರೆದಳು. ಆ ಸಂದೇಶಗಳ ಪ್ರತಿ ತೆಗೆದು ಹಿಂದೆ ಹಚ್ಚಿದೆವು. ನಾಲ್ಕು ಹಾಳೆಯಾಯಿತು. ಹನ್ನೊಂದೂವರೆ ಗಂಟೆಗೆ ಸಹಿ ಮಾಡಿದಳು. ಕೈ ನಡುಗಲಿಲ್ಲ.

ಇವತ್ತು ಬೆಳಿಗ್ಗೆ ಕೊಟ್ಟು ಬಂದೆವು. ಪ್ರಾಚಾರ್ಯರು ಸಭೆಯಲ್ಲಿದ್ದರು. ಆವಕ ಜಾವಕದ ಟೇಬಲ್ಲಿನಲ್ಲಿ ಒಬ್ಬ ಹೆಣ್ಣುಮಗಳು ಕುಳಿತಿದ್ದರು. ಮೊದಲ ಹಾಳೆಯನ್ನು ಪೂರ್ತಿ ಓದಿದರು. ತಲೆಯೆತ್ತಿ ಹುಡುಗಿಯನ್ನು ನೋಡಿದರು, ಪ್ರಾಚಾರ್ಯರ ಕೋಣೆಯ ಬಾಗಿಲನ್ನು ನೋಡಿದರು. ಆಮೇಲೆ ರಿಜಿಸ್ಟರ್ ತೆಗೆದು ವಿಷಯದ ಕಲಮಿನಲ್ಲಿ ದೂರಿನ ವಿಷಯವನ್ನು ಒಂದಕ್ಷರ ಬಿಡದೆ ಬರೆದುಕೊಂಡರು. ನಮ್ಮ ಪ್ರತಿಯ ಮೇಲೆ ಮುದ್ರೆ ಒತ್ತಿ, ಆವಕ ಸಂಖ್ಯೆ, ತಾರೀಖು ಹಾಕಿ, ಸಹಿ ಮಾಡಿ ಕೊಟ್ಟರು.

“ಇದನ್ನು ಜೆರಾಕ್ಸ್ ಮಾಡಿಸಿ ನಾಲ್ಕು ಕಡೆ ಇಡಿರಿ, ಮೇಡಂ” ಎಂದರು, ದನಿ ತಗ್ಗಿಸಿ.