ಇಬ್ಬರಿಗೂ ಐದೈದು

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿಯಿತೆಂದರೆ ನಮ್ಮ ಎಂಟನೇ ತರಗತಿಯಲ್ಲಿ ಪಾಠವೇ ಕೇಳಿಸುತ್ತಿರಲಿಲ್ಲ. ಹಂಚಿನ ಮಾಡಿನ ಮೇಲೆ ಅಷ್ಟು ಸದ್ದು. (ಈಗ ಆ ಕೊಠಡಿಗೆ ತಾರಸಿ ಬಂದಿದೆಯಂತೆ. ಈಗ ಅಲ್ಲಿ ಕೂರುವ ಮಕ್ಕಳಿಗೆ ಕೇಳಿಸುತ್ತಿರಬಹುದು.) ಥಂಡಿ ಹಿಡಿದ ಸೀಮೆಸುಣ್ಣ ಬೋರ್ಡಿನ ಮೇಲೆ ಮೂಡದೆ ಜಾರುತ್ತಿತ್ತು. ಗಣಿತದ ಮೇಷ್ಟ್ರು ಅದನ್ನು ಸ್ವೆಟರಿನೊಳಗೆ ಬೆಚ್ಚಗಿಟ್ಟುಕೊಂಡೇ ಬರುತ್ತಿದ್ದರು. ವಯಸ್ಸಿನ ಲೆಕ್ಕಗಳನ್ನು ಅವರು ಕಲಿಸಿದ್ದು ಹೆಚ್ಚುಕಮ್ಮಿ ಮೂಕಾಭಿನಯದಲ್ಲೇ.

ತಂದೆಯ ವಯಸ್ಸು ಮಗನ ನಾಲ್ಕರಷ್ಟು, 5 ವರ್ಷ ಕಳೆದರೆ ಮೂರರಷ್ಟು, ಈಗ ಎಷ್ಟೆಷ್ಟು? ಮಗನಿಗೆ ಎಕ್ಸ್ ಎಂದಿಟ್ಟು ನಾನು ಬರೆದದ್ದು: 4ಎಕ್ಸ್ + 5 = 3ಎಕ್ಸ್. ಉತ್ತರ ಮೈನಸ್ 5! ಹುಟ್ಟುವುದಕ್ಕೇ ಇನ್ನೂ ಐದು ವರ್ಷ ಬಾಕಿ ಇರುವ ಮಗ. ಮೇಷ್ಟ್ರು ನನ್ನ ಬೆಂಚಿಗೆ ಬಂದರು, ಏನೂ ಅನ್ನಲಿಲ್ಲ. ಎರಡೂ ಕೈಯೆತ್ತಿ ಐದೈದು ಬೆರಳು ಬಿಡಿಸಿ ಮೂಗಿನ ಮುಂದೆ ಹಿಡಿದರು. ಅಪ್ಪನಿಗೆ ಐದು, ಮಗನಿಗೂ ಐದು. ಬೆರಳ ತುದಿಯಲ್ಲೆಲ್ಲ ಸುಣ್ಣದ ಪುಡಿ. 4ಎಕ್ಸ್ + 5 = 3(ಎಕ್ಸ್ + 5) ಎಂದು ತಿದ್ದಿದೆ. ಮಗನಿಗೆ 10, ಅಪ್ಪನಿಗೆ 40.

ಮಳೆ ಒಂದು ಗಳಿಗೆ ಹೊಳವಾದಾಗ ಮಾತ್ರ ಅವರು ಗಂಟಲು ಬಿಡುತ್ತಿದ್ದರು, ಸಮೀಕರಣದ ಒಂದು ಬದಿಯಿಂದ ಇನ್ನೊಂದು ಬದಿಗೆ ಸಂಖ್ಯೆ ದಾಟಿಸುವಾಗ: ‘ಪಕ್ಷಾಂತರ ಮಾಡಿದವನ ಚಿಹ್ನೆ ಬದಲಾಗಲೇಬೇಕು!’ ನಮಗದು ಜೋಕು ಅಂತ ಗೊತ್ತಾದದ್ದು ಪೇಪರ್ ಓದುವ ವಯಸ್ಸಾದ ಮೇಲೆ.

ಒಂದು ದಿನ ನಮ್ಮ ನಮ್ಮ ಮನೆಯವರದ್ದೇ ಲೆಕ್ಕ ಕಟ್ಟಿ ತನ್ನಿ ಅಂದರು. ಅಪ್ಪನಿಗೆ 41, ನನಗೆ 13. ಅಪ್ಪ ನನ್ನ ಐದರಷ್ಟು ಆಗುವುದು ಯಾವಾಗ? 41 + ಎಕ್ಸ್ = 5(13 + ಎಕ್ಸ್). ಬಂದದ್ದು ಮತ್ತೆ ಮೈನಸ್, ಈ ಸಲ 6. ಹಾಳಾಯಿತು ಅಂತ ರಬ್ಬರಿನಲ್ಲಿ ಉಜ್ಜಿ ಉಜ್ಜಿ ಹಾಳೆಯೇ ತೂತಾಯಿತು. ಮೇಷ್ಟ್ರು ಆ ತೂತಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ ‘ಹಿಂದೆ ಹೋಗು’ ಎಂದು ಬರೆದಿದ್ದರು. ಆರು ವರ್ಷ ಹಿಂದೆ ಅಪ್ಪನಿಗೆ 35, ನನಗೆ 7. ಮೊದಲನೇ ಮೈನಸ್ ತಪ್ಪು, ಎರಡನೆಯದು ಸರಿ! ಆ ರಾತ್ರಿ ನಿದ್ದೆ ಬರಲಿಲ್ಲ.

ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರು, ಅಂದರೆ ಲೆಕ್ಕ ಬರೆಯುವವರು. ಆಳುಗಳ ಹಾಜರಿ ಬರೆಯುವ ಚೆಕ್‌ರೋಲಿನಿಂದ ತಲೆ ಎತ್ತದೆಯೇ ಅಂದರು: ‘ಎಕ್ಸ್ ಯಾಕೋ? ನಿನಗೂ ನನಗೂ 28ರ ಅಂತರ, ಅದು ಸಾಯೋವರೆಗೂ ಅಷ್ಟೇ. ಐದರಷ್ಟು ಅಂದ್ರೆ ನಿಂದು ಒಂದು ಪಾಲು, ಅಂತರ ನಾಲ್ಕು ಪಾಲು. 28ನ್ನು ನಾಲ್ಕು ಮಾಡು, 7.’ ಮೂರರಷ್ಟಕ್ಕೆ ಎರಡು ಪಾಲು ಮಾಡಿದರೆ 14. ಎರಡರಷ್ಟಕ್ಕೆ ಪಾಲೇ ಬೇಡ, 28. ಮರುದಿನ ಇದನ್ನು ಹೇಳಿದಾಗ ಮೇಷ್ಟ್ರು ಮೆಚ್ಚಿದರು, ಆದರೆ ಪರೀಕ್ಷೆಯಲ್ಲಿ ಹೀಗೆ ಬರೆದರೆ ಮಾರ್ಕು ಇಲ್ಲ ಅಂತಲೂ ಹೇಳಿದರು. ನನಗದು ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ.

ನನಗೆ 28 ತುಂಬಿದ ವರ್ಷ ಅಪ್ಪ ಫೋನ್ ಮಾಡಿ, ‘ಎರಡರಷ್ಟು ಆಯ್ತಲ್ಲೋ’ ಅಂದರು. ‘ಒಂದೂವರೆಯಷ್ಟು ಯಾವಾಗ, ಹೇಳು?’

‘ನನಗೆ 56 ಆದಾಗ.’ ಅವರಿಗೆಷ್ಟು ಅಂತ ನಾನು ಹೇಳಲಿಲ್ಲ.

‘ಹಾಂ, ಸರಿ’ ಅಂದರು. ‘ಇಲ್ಲಿ ವಿಪರೀತ ಮಳೆ. ಸರಿಯಾಗಿ ಕೇಳಿಸ್ತಿಲ್ಲ.’